ಪಂಪು ತಣ್ಣಗಾಗುವವರೆಗೆ

ಓಧವಜಿಕಾಕಾ ಕೆಲಸದ ಹೊತ್ತಿನಲ್ಲಿ ಎಣ್ಣೆಯಲ್ಲಿ ಕರಿದ ಗಾಂಠಿಯಾ ಮುಟ್ಟುತ್ತಿರಲಿಲ್ಲ. ಭಾವನಗರದ ಕಡೆ ಹುಟ್ಟಿ ಗಾಂಠಿಯಾ ಬೇಡ ಎನ್ನುವವನನ್ನು ನಮ್ಮ ಜನ ಗುಮಾನಿಯಿಂದಲೇ ನೋಡುತ್ತಾರೆ. ಎಣ್ಣೆ ಬೆರಳು ಆಕ್ಸಿಜನ್ ಹತ್ತಿರ ಹೋದರೆ ಬೆಂಕಿ ಹೊತ್ತೀತು ಎಂದು ಅವರು ತಲೆಗೂ ಎಣ್ಣೆ ಹಚ್ಚುತ್ತಿರಲಿಲ್ಲ. "ನನ್ನ ಗಂಡನ ತಲೇಲಿ ಪಾತ್ರೆ ತಿಕ್ಕಬಹುದು" ಎಂದು ಕಂಕುಕಾಕಿ ನಗುತ್ತಿದ್ದರು.

ಅಲಂಗ್‌ನಲ್ಲಿ ಹಡಗು ಒಡೆಯುವವರಿಗೆ ಕಬ್ಬಿಣ ಕತ್ತರಿಸಲು ಆಕ್ಸಿಜನ್ ಸಿಲಿಂಡರ್ ತುಂಬಿಸಿ ಕೊಡುವ ಪ್ಲಾಂಟು ನಮ್ಮದು; ತುಂಬುವ ಪಂಪು ನಡೆಸುವವರು ಕಾಕಾ, ನಾನು ಅವರ ಕೈಕೆಳಗಿನವನು. ಕೊರೊನಾದ ಎರಡನೇ ಏಪ್ರಿಲ್‌ನಲ್ಲಿ ಒಂದು ಸಿಲಿಂಡರೂ ಹಡಗಿಗೆ ಹೋಗಲಿಲ್ಲ, ಎಲ್ಲ ಆಸ್ಪತ್ರೆಗೇ. ಕಂಕುಕಾಕಿಯೂ ತಳಾಜಾದ ಒಂದು ಆಸ್ಪತ್ರೆಯಲ್ಲಿ ಮಲಗಿದ್ದರು.

ಆ ದಿನ ದ್ರವ ಆಕ್ಸಿಜನ್ನಿನ ಟ್ಯಾಂಕರ್ ತಡವಾಗಿ ಬಂತು. ಅಷ್ಟರಲ್ಲಿ ಪಂಪು ಎರಡು ತಾಸು ಬಿಸಿಲಲ್ಲಿ ಸುಮ್ಮನೆ ನಿಂತಿತ್ತು. ಕಾಕಾ ಟ್ಯಾಂಕರ್ ಕಡೆ ಇದ್ದರು, ಪಂಪಿನ ಹತ್ತಿರ ನಾನೊಬ್ಬನೇ. ತಳಾಜಾದಿಂದ ಫೋನ್ ಬಂತು, ಇರೋ ಆಕ್ಸಿಜನ್ ಮಧ್ಯಾಹ್ನ ಒಂದು ಗಂಟೆಯವರೆಗೆ ಮಾತ್ರ ಸಾಕಾಗುತ್ತೆ ಎಂದು. ಅವರ ವ್ಯಾನು ಖಾಲಿ ಸಿಲಿಂಡರ್ ಹೊತ್ತು ಗೇಟಿನಲ್ಲಿ ನಿಂತಿತ್ತು.

ಕಾಯಬೇಕು ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕಾದ ಪಂಪಿಗೆ ದ್ರವ ಬಿಟ್ಟರೆ ಅದು ಕುದಿದು ಆವಿಯಾಗುತ್ತದೆ, ಪಂಪಿನ ಹೊಟ್ಟೆಯಲ್ಲಿ ಆವಿ ತುಂಬಿದರೆ ಮುಂದಕ್ಕೆ ಏನೂ ಹೋಗುವುದಿಲ್ಲ. ಆ ಆವಿಯನ್ನು ಹೊರಗೆ ಬಿಡುತ್ತಾ, ಪಂಪಿನ ಮೈಮೇಲೆ ಹಿಮ ಕಟ್ಟಿ, ಪಕ್ಕದ ಸಣ್ಣ ಪೈಪು ಹೊಗೆ ಬಿಟ್ಟು ದ್ರವ ಉಗುಳುವವರೆಗೆ ಪಂಪು ಚಾಲೂ ಮಾಡುವ ಗುಂಡಿ ಮುಟ್ಟಬಾರದು. ಹದಿನೈದು ನಿಮಿಷದ ಕೆಲಸ. ನಾನು ಐದು ನಿಮಿಷಕ್ಕೇ ಒತ್ತಿದೆ.

ಪಂಪು ಜಲ್ಲಿಕಲ್ಲು ಅಗಿದ ಹಾಗೆ ಸದ್ದು ಮಾಡಿತು. ಒತ್ತಡದ ಮೀಟರಿನ ಮುಳ್ಳು ಏಳಲಿಲ್ಲ. ನಿಲ್ಲಿಸಿ ಮತ್ತೆ ಒತ್ತಿದೆ. ಮೂರನೇ ಸಲವೂ ಒತ್ತಿದೆ. ಒತ್ತಿದಷ್ಟೂ ಅದು ಇನ್ನಷ್ಟು ಬಿಸಿಯಾಗುತ್ತದೆ ಎಂಬ ಬುದ್ಧಿ ಆಗ ಎಲ್ಲಿ ಸತ್ತಿತ್ತೋ.

ಸದ್ದು ಕೇಳಿ ಕಾಕಾ ಓಡಿಬಂದರು.

"ಎಷ್ಟು ಸಲ ಒತ್ತಿದೆ ಭೀಖು?"

"ಒಂದೇ ಸಲ ಕಾಕಾ."

ಅವರು ಪಂಪಿನ ಹತ್ತಿರ ಅಂಗೈ ಹಿಡಿದು ನೋಡಿದರು, ನನ್ನ ಮುಖ ನೋಡಲಿಲ್ಲ. "ಸಿಲಿಂಡರ್ ಜೋಡಿಸು. ಕೈ ಗಟ್ಟಿ ಇಟ್ಕೋ" ಎಂದಷ್ಟೇ ಹೇಳಿ, ಪಂಪು ಮತ್ತೆ ಮೊದಲಿಂದ ತಣ್ಣಗಾಗಲಿ ಎಂದು ಸಣ್ಣ ಪೈಪಿನ ಮುಂದೆ ನಿಂತರು. ಮಾಲೀಕ ಬಂದು ಕೂಗಾಡಿದ, ವ್ಯಾನಿನ ಡ್ರೈವರ್ ಕೈ ಮುಗಿದ. "ನನ್ನ ಹೆಂಡ್ತೀನೂ ಅಲ್ಲೇ ಇದಾಳಪ್ಪ. ಬಾಯಿ ಮುಚ್ಕೊಂಡು ನಿಂತ್ಕೊ" ಎಂದು ಕಾಕಾ ಡ್ರೈವರ್‌ಗೆ ಹೇಳಿದರು. ಪೈಪು ಉಗುಳಿದ ಮೇಲೆಯೇ ಗುಂಡಿ ಒತ್ತಿದ್ದು. ಒಂದೇ ಸಲಕ್ಕೆ ಮುಳ್ಳು ಎದ್ದಿತು.

ವ್ಯಾನು ತಳಾಜಾ ಮುಟ್ಟಿದ್ದು ಒಂದು ಗಂಟೆ ಹತ್ತು ನಿಮಿಷಕ್ಕೆ. ಉಳಿದ ರೋಗಿಗಳೆಲ್ಲ ಹೇಗೋ ಉಸಿರು ಹಿಡಿದುಕೊಂಡಿದ್ದರು. ಕಂಕುಕಾಕಿ ಒಬ್ಬರು ಹೋಗಿಬಿಟ್ಟಿದ್ದರು.

ಹನ್ನೆರಡನೇ ದಿನದ ಕಾರ್ಯ ಮುಗಿಸಿ ಕಾಕಾ ಕೆಲಸಕ್ಕೆ ಬಂದರು, ತಲೆ ಬೋಳಿಸಿಕೊಂಡು. ನನ್ನನ್ನು ಪಂಪಿನ ಹತ್ತಿರ ಕರೆದು, "ಇವತ್ತು ಪಂಪು ನೀನು ಹಾಕು" ಎಂದರು. ನಾನು ವಾಲ್ವು ತೆರೆದೆ. ಇಬ್ಬರೂ ಕಾಯುತ್ತಾ ನಿಂತೆವು.

"ಅವತ್ತು ಎಷ್ಟು ಸಲ ಒತ್ತಿದೆ?"

"ಮೂರು ಸಲ ಕಾಕಾ."

"ಗೊತ್ತಿತ್ತು. ಹತ್ರ ಕೈ ಹಿಡಿದ್ರೆ ಸಾಕು, ಸುಡ್ತಿತ್ತು."

"ಮತ್ತೆ ಅವತ್ತೇ ಯಾಕೆ ನನಗೆ ಹೊಡೀಲಿಲ್ಲ?"

"ಹೊಡೆದಿದ್ರೆ ನಿನ್ನ ಕೈ ನಡುಗ್ತಿತ್ತು. ಅರವತ್ತು ಸಿಲಿಂಡರ್ ಜೋಡಿಸೋದಿತ್ತಲ್ಲೋ. ಅಲ್ಲಿ ಅವಳೊಬ್ಬಳೇ ಇರಲಿಲ್ಲ."

ನಾನು ಬಗ್ಗಿ ಅವರ ಕಾಲು ಹಿಡಿದೆ. ಪಾಪಿ ನಾನು, ಅಳುವುದಕ್ಕೂ ನಾಚಿಕೆಯಾಯಿತು. "ಕಾಲು ಬಿಡು. ಪೈಪು ನೋಡು" ಎಂದರು.

ಪೈಪು ಬೆಳ್ಳಗೆ ಹೊಗೆ ಬಿಡತೊಡಗಿತು. ನನ್ನ ಹಾಳು ಕೈ ತಾನಾಗಿಯೇ ಗುಂಡಿಯತ್ತ ಹೋಯಿತು. ಕಾಕಾ ಮಣಿಕಟ್ಟು ಹಿಡಿದುಕೊಂಡರು. "ಇನ್ನೂ ಇಲ್ಲ."

ಪೈಪು ದ್ರವ ಉಗುಳಿತು. "ಈಗ ಒತ್ತು" ಎಂದರು. ಒತ್ತಿದೆ. ಮುಳ್ಳು ಎದ್ದು ನಿಂತಿತು, ಪಂಪು ಒಂದೇ ಸಮನೆ ಓಡತೊಡಗಿತು. ಕಾಕಾ ನನ್ನ ಕೈ ಬಿಡಲಿಲ್ಲ. ತಿರುಗಿ ನೋಡಿದರೆ ಅಳುತ್ತಿದ್ದರು.