ಮೂರನೇ ಸಲ ಕೇಳಿದಾಗ

ಮೆಷಿನಕ್ಕನ ಬಾಯಿ ಎಂಥದ್ದು ಅಂತ ಆ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಹೊಲಿಗೆ ಮೆಷಿನ್ ರಿಪೇರಿ ಅಂಗಡಿಯಲ್ಲಿ ಕೂತು ಅವಳು ಒಂದು ಸಲ ಗದರಿದರೆ, ಎದುರುಗಡೆ ಬೇಕರಿಯವನು ತನಗೇ ಬೈದಳೇನೋ ಅಂತ ತಿರುಗಿ ನೋಡುತ್ತಿದ್ದ. "ಎರಡು ವರ್ಷ ಒಂದು ತೊಟ್ಟು ಎಣ್ಣೆ ಬಿಡದೆ ತುಳಿದಿದ್ದೀಯಲ್ಲಮ್ಮ, ನಿನಗೆ ಎರಡು ದಿನ ಊಟ ಹಾಕದೆ ದುಡಿಸಿದ್ರೆ ಗೊತ್ತಾಗುತ್ತೆ!" ಅಂತ ಗಿರಾಕಿಗೇ ಬೈದು, ಬೈಯುತ್ತಲೇ ಬಾಬಿನ್ ಕೇಸು ಬಿಚ್ಚಿ, ಒಳಗೆ ಸಿಕ್ಕಿಕೊಂಡ ನೂಲು ತೆಗೆದು, ಬಟ್ಟೆಯ ಚೂರಿನ ಮೇಲೆ ನಾಲ್ಕು ಹೊಲಿಗೆ ಓಡಿಸಿ ತೋರಿಸುತ್ತಿದ್ದಳು. ಬೈಸಿಕೊಂಡವರು ನಗುತ್ತಾ ಹೋಗುತ್ತಿದ್ದರು. ಅಂಥ ಬಾಯಿಗೆ ಒಂದು ದಿನ ಬೀಗ ಬಿತ್ತು. ಬೀಗ ಅಂದರೆ ಹೆಬ್ಬೆರಳು ಗಾತ್ರದ ಒಂದು ಹತ್ತಿಯುಂಡೆ, ಅಷ್ಟೇ.

ಅಂಗಡಿ ಅಪ್ಪನದು. ಅಪ್ಪ ಹೋಗುವಾಗ ಮೂರೂ ಮಕ್ಕಳ ಹೆಸರಿಗೆ ಬರೆದಿಟ್ಟಿದ್ದ. ದೊಡ್ಡವನು ಅಣ್ಣ, ರೈಲ್ವೆ ಟಿಕೆಟ್ ಕೌಂಟರಿನ ಗುಮಾಸ್ತ. ನಡುವಿನವಳು ಇವಳು. ಕೊನೆಯವನು ಮರಿ. ವಯಸ್ಸು ಮೂವತ್ತೇಳಾಗಿ ಕಿವಿ ಪಕ್ಕದ ಕೂದಲು ನರೆತಿದ್ದರೂ ಅಕ್ಕನಿಗೆ ಅವನು ಮರಿಯೇ. ಅಮ್ಮ ತೀರಿಕೊಂಡಾಗ ಅವನಿಗೆ ಐದು ವರ್ಷ, ಇವಳಿಗೆ ಹತ್ತೊಂಬತ್ತು. ಅವನಿಗೆ ಅನ್ನ ಕಲಸಿ ತಿನ್ನಿಸಿದವಳು, ಜ್ವರ ಬಂದರೆ ಹೆಗಲ ಮೇಲೆ ಹಾಕಿಕೊಂಡು ಓಡಿದವಳು, ಮದುವೆಗೆ ನಿಂತು ಎಲ್ಲ ಮಾಡಿದವಳು ಇವಳು. ತನಗೆ ಮದುವೆಯ ವಯಸ್ಸು ಬಂದದ್ದೂ ಹೋದದ್ದೂ ಅವಳಿಗೆ ಗಮನಕ್ಕೇ ಬರಲಿಲ್ಲ. ಅಂಗಡಿಯಲ್ಲಿ ಅವಳ ಪಕ್ಕದ ಸ್ಟೂಲ್ ಮರಿಯದು. ಅವಳು ಕೈ ಚಾಚಿದರೆ ಸಾಕು, ಯಾವ ಸ್ಕ್ರೂಡ್ರೈವರ್ ಬೇಕು ಅಂತ ಕೇಳದೆ ಅವನು ಕೊಡುತ್ತಿದ್ದ.

ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಅಪ್ಪನಿಗೆ ಕೊನೆಗಾಲದಲ್ಲಿ ಕಣ್ಣು ಕಾಣುತ್ತಿರಲಿಲ್ಲ. ಮನೆಯ ವಿಷಯ ಏನೇ ಇರಲಿ, ಮೂವರನ್ನೂ ಎದುರಿಗೆ ಕೂರಿಸಿಕೊಂಡು ಮೂರು ಸಲ ಕೇಳುತ್ತಿದ್ದ: "ಯಾರಿಗಾದರೂ ಬೇಡವಾ?" ಬೇಡದವರು ಬಾಯಿಬಿಟ್ಟು "ಬೇಡ" ಅನ್ನಬೇಕು. ತಲೆ ಆಡಿಸೋದು, ಮುಖ ಊದಿಸೋದು, ಕೈ ಬೀಸೋದು, ಇದೆಲ್ಲ ಕುರುಡ ಅಪ್ಪನ ಹತ್ತಿರ ನಡೆಯುತ್ತಿರಲಿಲ್ಲ. ಒಬ್ಬರ "ಬೇಡ" ಕೇಳಿಸಿದರೂ ಆ ಮಾತು ಅಲ್ಲಿಗೆ ಬಿತ್ತು. ಮೂರು ಸಲ ಕೇಳಿ ಯಾರೂ ಅನ್ನದಿದ್ದರೆ ಎಲ್ಲರೂ ಒಪ್ಪಿದ ಹಾಗೆ, ಆಮೇಲೆ ತಕರಾರು ತೆಗೆಯುವಂತಿಲ್ಲ. ಅಪ್ಪ ಹೋದ ಮೇಲೆ ಕೇಳುವ ಕೆಲಸ ಅಣ್ಣನಿಗೆ ಬಂತು. ಅವನೋ ಕೌಂಟರಿನ ಮನುಷ್ಯ, ಒಂದು ನಿಮಿಷ ತಡವಾಗಿ ಬಂದವರಿಗೆ ಕಿಟಕಿ ಮುಚ್ಚಿ ಅಭ್ಯಾಸ.

ಪಕ್ಕದ ಔಷಧಿ ಅಂಗಡಿಯವರು ತಮ್ಮದನ್ನು ದೊಡ್ಡದು ಮಾಡಲು ಇವರ ಅಂಗಡಿ ಕೇಳುತ್ತಿದ್ದರು. ಅಣ್ಣನಿಗೆ ಕೊಡುವ ಮನಸ್ಸು. ಆರು ವರ್ಷದಿಂದ ವರ್ಷಕ್ಕೊಂದು ಸಲ ಇಬ್ಬರನ್ನೂ ಕೂರಿಸಿ ಕೇಳುತ್ತಿದ್ದ. ಮೊದಲನೇ ಸಲ ಕೇಳಿ ಮುಗಿಯುವ ಮೊದಲೇ ಮೆಷಿನಕ್ಕ "ಬೇಡ!" ಅಂತ ಬಾಂಬು ಹಾಕಿದ ಹಾಗೆ ಹಾಕಿಬಿಡುತ್ತಿದ್ದಳು. ಮರಿ ನಗುತ್ತಿದ್ದ. "ಅಕ್ಕ ಬೇಡ ಅಂದ್ಮೇಲೆ ಮುಗೀತು ಬಿಡಣ್ಣ" ಅಂತಿದ್ದ. ಆ ಮಾತು ಕೇಳಿ ಅವಳ ಜೀವ ತಂಪಾಗುತ್ತಿತ್ತು.

ಈ ವರ್ಷ ಅದೇ ಹೊತ್ತಿಗೆ ಹಲ್ಲು ನೋವು ಶುರುವಾಯಿತು. ಕೆಳಗಿನ ಸಾಲಿನ ದವಡೆ ಹಲ್ಲು. ಲವಂಗ ಇಟ್ಟಳು, ಉಪ್ಪುನೀರು ಮುಕ್ಕಳಿಸಿದಳು, ನೋವಿಗೂ ಎರಡು ಬೈದಳು, ಅದು ಜಗ್ಗಲಿಲ್ಲ. ಮರಿಯೇ ಬಲವಂತ ಮಾಡಿ ಹಲ್ಲಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದ. ಡಾಕ್ಟರಮ್ಮ ಎಕ್ಸ್‌ರೇ ತೆಗೆದರು. ಅಂಗಡಿ ಮುಂದೆ ಗಿರಾಕಿಗಳು ಕಾಯುತ್ತಿದ್ದರು ಅಂತ ಇವಳು ಅರ್ಧಕ್ಕೇ ಎದ್ದಳು. "ನೀನು ಹೋಗಕ್ಕ, ಡಾಕ್ಟರು ಏನು ಹೇಳ್ತಾರೋ ನಾನು ಕೇಳ್ಕೊಂಡು ಬರ್ತೀನಿ" ಅಂದ ಮರಿ.

ಅರ್ಧ ಗಂಟೆಯ ಮೇಲೆ ಬಂದು ಸ್ಟೂಲ್ ಎಳೆದುಕೊಂಡು ಕೂತ. "ಉಳಿಯೋ ಹಲ್ಲಲ್ಲವಂತೆ ಅಕ್ಕ. ಕೀಳಲೇಬೇಕಂತೆ. ಗುರುವಾರ ಬೆಳಿಗ್ಗೆ ಬಿಡುವಿದೆ ಅಂದ್ರು, ಬರೆಸಿ ಬಂದೆ."

"ಗುರುವಾರ ಅಣ್ಣ ಅಂಗಡಿ ಮಾತಿಗೆ ಬರೋಕೆ ಹೇಳಿದ್ದಾನಲ್ಲೋ."

"ಅದು ಹನ್ನೊಂದು ಗಂಟೆಗೆ. ಹಲ್ಲಿಗೆ ಹತ್ತಕ್ಕೇ ಬರೆಸಿದ್ದೀನಿ, ಅಷ್ಟರಲ್ಲಿ ಮುಗಿಯುತ್ತೆ. ಇಲ್ಲಿ ನೋವು ತಿಂದುಕೊಂಡು ಇನ್ನೆಷ್ಟು ದಿನ ಕೂರ್ತೀಯ? ನಾನಿರ್ತೀನಲ್ಲ."

ನಾನಿರ್ತೀನಲ್ಲ. ಈ ಒಂದು ಮಾತಿಗೆ ಅವಳು ಹಲ್ಲೇನು, ತಲೆಯನ್ನೇ ಕೊಡುತ್ತಿದ್ದಳು.

ಗುರುವಾರ ಬಂತು. ಸೂಜಿ ಚುಚ್ಚಿದ ಸ್ವಲ್ಪ ಹೊತ್ತಿಗೆ ತುಟಿ ಬೇರೆ ಯಾರದೋ ತುಟಿಯ ಹಾಗೆ ದಪ್ಪಗಾಯಿತು. ನೋವೇನೂ ಆಗಲಿಲ್ಲ, ಆದರೆ ಕಿತ್ತ ಸದ್ದು ತಲೆಯೊಳಗೆ ಕೇಳಿಸಿತು. ತುಕ್ಕು ಹಿಡಿದ ಸ್ಕ್ರೂ ಬಿಚ್ಚುವಾಗ ಬರುವ ಸದ್ದು ಅದು, ಅವಳಿಗೆ ಚೆನ್ನಾಗಿ ಗೊತ್ತಿದ್ದ ಸದ್ದು. ಡಾಕ್ಟರಮ್ಮ ಎರಡು ಹೊಲಿಗೆ ಹಾಕಿದರು. ಗಂಟು ಸರಿಯಾಗಿ ಹಾಕಿದ್ದೀರಾ ಅಂತ ಕೇಳಬೇಕು ಅನ್ನಿಸಿತು, ಅಷ್ಟರಲ್ಲಿ ಹತ್ತಿಯುಂಡೆ ಬಾಯಿಗೆ ಬಂದಿತ್ತು.

"ಒಂದು ಗಂಟೆ ಗಟ್ಟಿಯಾಗಿ ಕಚ್ಚಿಕೊಂಡಿರಿ. ಉಗುಳಬೇಡಿ, ಮಾತಾಡಬೇಡಿ. ಮಾತಾಡಿದ್ರೆ ರಕ್ತ ನಿಲ್ಲೋದಿಲ್ಲ" ಅಂದರು ಡಾಕ್ಟರಮ್ಮ.

"ಒಂದು ಗಂಟೆ! ಬೀದಿಯವರಿಗೆಲ್ಲ ಸಿಹಿ ಹಂಚಬೇಕು" ಅಂದ ಮರಿ. ಅವಳು ಅವನ ಬೆನ್ನಿಗೊಂದು ಗುದ್ದಿದಳು.

ಆಟೋದಲ್ಲಿ ಅವನು ಅವಳ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡ. ಕರ್ಚೀಫಿನಲ್ಲಿ ಅವಳ ಗಲ್ಲ ಒರೆಸಿದ. ಗಾಡಿ ಸೀದಾ ಅಣ್ಣನ ಮನೆ ಮುಂದೆ ನಿಂತಿತು. ಹೇಗೂ ಬರಲೇಬೇಕಿತ್ತಲ್ಲ, ಇಲ್ಲೇ ಸ್ವಲ್ಪ ಒರಗಿಕೋ ಅಂದ. ಸರಿ ಅಂದುಕೊಂಡಳು.

ಅಣ್ಣನ ಮನೆಯ ನಡುಮನೆಯಲ್ಲಿ ಮೂರು ಕುರ್ಚಿ ಹಾಕಿತ್ತು. ಅತ್ತಿಗೆ ಇಬ್ಬರಿಗೆ ಟೀ ತಂದಿಟ್ಟು, ಇವಳ ಮುಖ ನೋಡಿ "ಅಯ್ಯೋ ಪಾಪ" ಅಂತ ಒಳಗೆ ಹೋದಳು. ಅಣ್ಣ ಗಡಿಯಾರ ನೋಡಿಕೊಂಡ. ಹನ್ನೊಂದಾಗಿತ್ತು.

"ಅಂಗಡಿ ವಿಷಯ. ಪಕ್ಕದವರಿಗೆ ಕೊಡೋದು ಅಂತ. ಯಾರಿಗಾದರೂ ಬೇಡವಾ?"

ಅವಳು ಜೋರಾಗಿ ತಲೆ ಆಡಿಸಿದಳು. ಎರಡೂ ಕೈ ಬೀಸಿದಳು. ಗಂಟಲಿನಿಂದ "ಊಂ ಊಂ" ಅಂತ ಏನೋ ಬಂತು. ಅಣ್ಣ ಕಣ್ಣು ಮುಚ್ಚಿಕೊಂಡಿದ್ದ. ಅಪ್ಪನ ಜಾಗದಲ್ಲಿ ಕೂತು ಕೇಳುವಾಗ ಅವನು ಕಣ್ಣು ಮುಚ್ಚುವುದೇ ವಾಡಿಕೆ. ಅವಳು ಬೆರಳನ್ನು ಬಾಯಿಗೆ ಒಯ್ದಳು.

"ತೆಗೀಬೇಡಕ್ಕ," ಮರಿ ಅವಳ ಮಣಿಕಟ್ಟು ಹಿಡಿದ, "ರಕ್ತ ನಿಲ್ಲಲ್ಲ ಅಂದಿದ್ದಾರೆ."

ಅವಳಿಗೆ ಸಮಾಧಾನವಾಯಿತು. ಹೌದಲ್ಲ, ಇವನಿದ್ದಾನಲ್ಲ! ಒಬ್ಬರ ಬಾಯಿ ಸಾಕು. ಇವನದೂ ಪಾಲಿದೆ, ಇವನ "ಬೇಡ"ಕ್ಕೂ ಅಷ್ಟೇ ತೂಕ. ನೀನು ಹೇಳು ಅಂತ ಕಣ್ಣಲ್ಲೇ ಸನ್ನೆ ಮಾಡಿದಳು. ಕೈಯನ್ನು ಬಾಯಿಂದ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡು ಹತ್ತಿಯನ್ನು ಇನ್ನೂ ಗಟ್ಟಿಯಾಗಿ ಕಚ್ಚಿದಳು.

"ಎರಡನೇ ಸಲ. ಯಾರಿಗಾದರೂ ಬೇಡವಾ?"

ಮರಿ ಟೀ ಲೋಟ ಎತ್ತಿ ಕುಡಿದ.

ಹೇಳೋ! ಅವಳು ಅವನ ಮೊಣಕೈ ತಿವಿದಳು. ಟೀ ಅವನ ಅಂಗಿಯ ಮೇಲೆ ತುಳುಕಿತು. ಅವನು ಅಂಗಿಯನ್ನು ಒರೆಸಿಕೊಳ್ಳತೊಡಗಿದ. ಅದೇ ಕರ್ಚೀಫು. ಒರೆಸಿದ್ದನ್ನೇ ಒರೆಸಿದ, ತಲೆ ಎತ್ತಲಿಲ್ಲ.

"ಮೂರನೇ ಸಲ. ಯಾರಿಗಾದರೂ ಬೇಡವಾ?"

ಅವಳು ಬಾಯಿಗೆ ಕೈ ಹಾಕಿ ಹತ್ತಿ ಕಿತ್ತಳು. ನಾಲಿಗೆ ಯಾವ ಕಡೆ ಇದೆ ಅಂತಲೇ ತಿಳಿಯಲಿಲ್ಲ. ರಕ್ತ ಸೀರೆಗೆ ಇಳಿಯಿತು. "ಬೇಡ" ಅನ್ನುವಷ್ಟರಲ್ಲಿ ಅಣ್ಣ ಕಣ್ಣು ಬಿಟ್ಟು ಎದ್ದು ನಿಂತಾಗಿತ್ತು.

"ಆಗಿಹೋಯ್ತಮ್ಮ. ಮೂರು ಸಲ ಕೇಳಿದೆ."

ಜಗಳ ತೆಗೆಯಬಹುದಿತ್ತು. ಆದರೆ ಆರು ವರ್ಷ ಇದೇ ಕಟ್ಟಳೆಯ ಬಲದಿಂದ ಅಂಗಡಿ ಉಳಿಸಿಕೊಂಡವಳು ಅವಳು. ಹೋದ ವರ್ಷ ಅವಳು ಬೇಡ ಅಂದ ಮೇಲೂ ಅಣ್ಣ ಇನ್ನೊಂದು ಸಲ ಕೇಳಲು ಹೋದಾಗ "ಅಪ್ಪನ ಮಾತಿಗೆ ಬೆಲೆ ಇಲ್ವಾ?" ಅಂತ ಮನೆ ಹಾರಿಹೋಗುವ ಹಾಗೆ ಕೂಗಿದವಳೂ ಅವಳೇ. ಈಗ ಯಾವ ಮುಖ ಇಟ್ಟುಕೊಂಡು ಕೇಳುವುದು? ಅಳು ಬಂತು. ಅರ್ಧ ಮುಖ ಮರಗಟ್ಟಿದ್ದರಿಂದ ಒಂದು ಕಡೆಯ ಕಣ್ಣೀರು ಮಾತ್ರ ಬಿಸಿಯಾಗಿ ಗೊತ್ತಾಗುತ್ತಿತ್ತು.

ಮರಿಯ ಮೇಲೆ ಸಿಟ್ಟು ಬರಲಿಲ್ಲ ಅಂದರೆ ನಂಬುತ್ತೀರಾ? ಹೆದರಿಬಿಟ್ಟ ಪಾಪ ಅಂದುಕೊಂಡಳು. ಚಿಕ್ಕಂದಿನಿಂದಲೂ ಅಣ್ಣನ ಮುಂದೆ ಅವನ ಬಾಯಿ ಕಟ್ಟಿಹೋಗುತ್ತದೆ, ಅವನ ಪಾಲಿನ ಮಾತನ್ನೆಲ್ಲ ನಾನೇ ಆಡಿ ಆಡಿ ಹೀಗೆ ಮಾಡಿಟ್ಟೆ, ತಪ್ಪು ನನ್ನದೇ ಅಂದುಕೊಂಡಳು. ಅವನೂ ಏನು ಕಡಿಮೆ ನೋಡಿಕೊಂಡನೇ? ಕೆನ್ನೆ ಬನ್ನಿನ ಹಾಗೆ ಊದಿದಾಗ ಐಸು ಕಟ್ಟಿದ ಬಟ್ಟೆ ಹಿಡಿದು ಕೂತ. ಹೊತ್ತು ಹೊತ್ತಿಗೆ ಮಾತ್ರೆ ಕೊಟ್ಟ. ಹಾಲಿನಲ್ಲಿ ಅನ್ನ ಕಿವುಚಿ ತಂದ. ಸಂಜೆ ಸಂಜೆ ಐಸ್‌ಕ್ರೀಂ ತಂದು ಚಮಚದಲ್ಲಿ ತಿನ್ನಿಸಿದ. "ಸಣ್ಣವನಿದ್ದಾಗ ನಾನು ನಿನಗೆ ತಿನ್ನಿಸಿದ ಸಾಲ ತೀರಿಸ್ತಿದ್ದೀಯೇನೋ" ಅಂದರೆ ಅವನು ನಗಲಿಲ್ಲ. ಅಕ್ಕನ ನೋವಿಗೆ ಇವನು ಇಷ್ಟು ಕರಗಿದ್ದಾನಲ್ಲ ಅಂದುಕೊಂಡಳು.

ಎಂಟನೇ ದಿನ ಹೊಲಿಗೆ ಬಿಚ್ಚಿಸಲು ಒಬ್ಬಳೇ ಹೋದಳು. ಡಾಕ್ಟರಮ್ಮ ಬಿಚ್ಚಿ, ಕನ್ನಡಿ ಹಾಕಿ ನೋಡಿ, ಚೆನ್ನಾಗಿ ಮಾಗಿದೆ ಅಂದರು.

"ಆದರೂ ನನಗೆ ಆ ಹಲ್ಲಿನ ಮೇಲೆ ಸ್ವಲ್ಪ ಆಸೆ ಇತ್ತು ನೋಡಿ. ಬೇರು ಗಟ್ಟಿಯಿತ್ತು. ಒಳಗೆ ಸ್ವಚ್ಛ ಮಾಡಿ, ಮೇಲೊಂದು ಟೊಪ್ಪಿಗೆ ಹಾಕಿದ್ರೆ ಇನ್ನೂ ಹತ್ತು ಹದಿನೈದು ವರ್ಷ ಬರ್ತಿತ್ತು. ನಿಮ್ಮ ತಮ್ಮನ ಹತ್ರ ಹೇಳಿದ್ದೆನಲ್ಲ. ಅಕ್ಕ ಯೋಚನೆ ಮಾಡಿ ಕೀಳಿಸೋದೇ ಅಂದಿದ್ದಾಳೆ ಅಂತ ಫೋನ್ ಮಾಡಿದ್ರು."

"ಅವನು... ಏನಂದ?"

"ಕೀಳಿಸೋದೇ ಅಂತ. ನಾನು ಸೋಮವಾರ ಬನ್ನಿ ಅಂದೆ. ಅವರು ಗುರುವಾರವೇ ಆಗಬೇಕು, ಹತ್ತು ಗಂಟೆಗೇ ಆಗಬೇಕು ಅಂದ್ರು. ಕಿತ್ತ ಮೇಲೆ ಎಷ್ಟು ಹೊತ್ತು ಮಾತಾಡಬಾರದು ಅಂತ ಎರಡೆರಡು ಸಲ ಕೇಳಿದ್ರು. ನಿಮ್ಮ ಮೇಲೆ ಬಹಳ ಕಾಳಜಿ ಅವರಿಗೆ."

ಮೆಷಿನಕ್ಕ ಬಾಯಿ ಮುಚ್ಚಿದಳು. ಡಾಕ್ಟರಮ್ಮ ಇನ್ನೂ ಏನೋ ಹೇಳುತ್ತಿದ್ದರು. ಅವಳ ನಾಲಿಗೆ ತಾನಾಗಿಯೇ ಆ ಖಾಲಿ ಜಾಗಕ್ಕೆ ಹೋಗಿ ಮುಟ್ಟಿ ನೋಡಿತು.

ಅಂಗಡಿಗೆ ನಡೆದುಕೊಂಡೇ ಬಂದಳು. ಮರಿ ಗೋಡೆಯ ಮೊಳೆಗಳಿಂದ ಬೆಲ್ಟುಗಳನ್ನು ಇಳಿಸಿ ಪೆಟ್ಟಿಗೆಗೆ ತುಂಬುತ್ತಿದ್ದ. ತಿಂಗಳ ಕೊನೆಗೆ ಖಾಲಿ ಮಾಡಬೇಕಿತ್ತು. ಸೂಜಿಗಳ ಡ್ರಾಯರ್ ಹೊರಗೆ ನೆಲದ ಮೇಲಿತ್ತು. ಮೇಜಿನ ಮೇಲೆ ಐಸ್‌ಕ್ರೀಂ ಡಬ್ಬಿ ಇತ್ತು.

"ಬಿಚ್ಚಿದ್ರಾ ಅಕ್ಕ? ನೋವಾಯ್ತಾ?"

"ಆ ಹಲ್ಲು ಉಳೀತಿತ್ತಂತೆ" ಅಂದಳು.

ಅವನ ಕೈಯಲ್ಲಿದ್ದ ಬೆಲ್ಟು ಕೈಯಲ್ಲೇ ಉಳಿಯಿತು. ಆಮೇಲೆ ಸ್ಟೂಲಿನ ಮೇಲೆ ಕೂತ.

"ಪಕ್ಕದವರು ಹೊಸ ಅಂಗಡಿಯಲ್ಲಿ ನನಗೆ ಕೌಂಟರ್ ನೋಡ್ಕೊಳ್ಳೋ ಕೆಲಸ ಕೊಡ್ತೀವಿ ಅಂದಿದ್ದಾರೆ ಅಕ್ಕ. ನನಗೂ ಮೂವತ್ತೇಳಾಯ್ತು. ಇಪ್ಪತ್ತು ವರ್ಷದಿಂದ ನಿನ್ನ ಪಕ್ಕ ಕೂತು ಸ್ಕ್ರೂಡ್ರೈವರ್ ಕೊಡ್ತಾ ಇದ್ದೀನಿ. ಅಷ್ಟೇ ನಾನು."

"ಅಯ್ಯೋ ಪಾಪಿ, ನನ್ನ ಹತ್ರ ಹೇಳಬಾರದಾಗಿತ್ತಾ?"

"ಹೇಳಿದ್ರೆ ನೀನು ಬೇಡ ಅಂತಿದ್ದೆ."

ಆ ಮಾತು ನಾಟಿತು. ನಿಜ ಇದ್ದದ್ದಕ್ಕೇ ನಾಟಿತು. ಅನ್ನುತ್ತಿದ್ದಳು, ಖಂಡಿತ ಅನ್ನುತ್ತಿದ್ದಳು. ಆಮೇಲೆ ರಾತ್ರಿಯೆಲ್ಲ ಹೊರಳಾಡಿ, ಬೆಳಿಗ್ಗೆ ಎದ್ದು, ತೊಗೊಂಡು ಹಾಳಾಗಿ ಹೋಗು ಅಂತ ಅವಳೇ ಕೊಡುತ್ತಿದ್ದಳು. ಅವನು ಕೇಳಿದ್ದನ್ನು ಅವಳು ಯಾವತ್ತು ಕೊಡದೆ ಬಿಟ್ಟಿದ್ದಾಳೆ? ಅಷ್ಟೂ ಗೊತ್ತಿಲ್ಲದೆ ಹೋಯಿತೇ ಇವನಿಗೆ? ಬಾಯಿಂದ ಹಲ್ಲು ಕೀಳಿಸಿ, ಆ ಗಾಯಕ್ಕೇ ಐಸ್‌ಕ್ರೀಂ ತಿನ್ನಿಸಿದನಲ್ಲ, ಇವನನ್ನೇ ನಾನು ಎತ್ತಿ ಆಡಿಸಿದ್ದು!

ಅವಳು ಅಪ್ಪನ ಕುರ್ಚಿ ಎಳೆದುಕೊಂಡು ಅವನೆದುರಿಗೆ ಕೂತಳು. ಬೈಯಲಿಲ್ಲ. ಎದುರಿನ ಬೇಕರಿಯವನಿಗೆ ಇವತ್ತು ತಿರುಗಿ ನೋಡುವಂಥದ್ದೇನೂ ಕೇಳಿಸಲಿಲ್ಲ.

"ಮರಿ, ಮೂರು ಸಲ ಕೇಳ್ತೀನಿ. ಇವತ್ತಿಂದ ನೀನು ನನ್ನ ಮನೆಗೆ ಬರೋದಿಲ್ಲ, ನಾನು ನಿನ್ನ ಮನೆಗೆ ಬರೋದಿಲ್ಲ. ನನಗೆ ಹುಷಾರಿಲ್ಲ ಅಂದ್ರೂ ಬರೋದಿಲ್ಲ. ಯಾರಿಗಾದರೂ ಬೇಡವಾ?"

ಅವನು ನೆಲ ನೋಡಿದ. ಕೆಳಗಿಟ್ಟ ಡ್ರಾಯರಿನ ಸೂಜಿಗಳನ್ನು ನೋಡಿದ.

"ಎರಡನೇ ಸಲ. ಯಾರಿಗಾದರೂ ಬೇಡವಾ?"

ಅವನ ಕಣ್ಣಲ್ಲಿ ನೀರು ತುಂಬಿತು. ಅಪ್ಪನ ಹಾಗೆ ಅವಳು ಕಣ್ಣು ಮುಚ್ಚಿಕೊಂಡಳು, ನೀರು ಲೆಕ್ಕಕ್ಕೆ ಬರಬಾರದು ಅಂತ. ಒಂದೇ ಒಂದು ಮಾತು, ಮರಿ. ಅಂದುಬಿಡೋ. ಅಂಗಡಿ ಹೋಗಲಿ, ಹಲ್ಲು ಹೋಗಲಿ, ಬೇಡ ಅಕ್ಕ ಅಂತ ಅಂದುಬಿಡೋ. ಮೂರನೇ ಸಲ ಕೇಳದೆ ಬಹಳ ಹೊತ್ತು ಹಾಗೇ ಕೂತಳು. ಹೊರಗೆ ಒಂದು ಬಸ್ಸು ಬಂದು ನಿಂತು ಹೋಯಿತು. ಐಸ್‌ಕ್ರೀಂ ಡಬ್ಬಿಯ ಕೆಳಗೆ ಮೇಜು ಒದ್ದೆಯಾಯಿತು.

"ಮೂರನೇ ಸಲ," ಅಂದಳು. "ಯಾರಿಗಾದರೂ ಬೇಡವಾ?"

ಅವನ ಬಾಯಲ್ಲಿ ಹತ್ತಿ ಇರಲಿಲ್ಲ. ಆದರೂ ಅವನು ಅನ್ನಲಿಲ್ಲ.