ಗಾಳಿ ನಿಲ್ಲಿಸದ ವಾರ

"ನೋಡಿದೆಯಾ, ಕೊಳವೆ ನೀನು ಕತ್ತರಿಸಿದ ದಿನವೇ ಎಲ್ಲಾ ಸರಿ ಬಂತು," ಎಂದು ಅತ್ತಿಗೆ ಕಂಪ್ಯೂಟರಿನ ಪರದೆಯತ್ತ ಬೆರಳು ತೋರಿಸಿದಳು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ವಾರವೆಲ್ಲ ನಾನೂ ಮಷೀನನ್ನೇ ಬೈದೆ. ಡೊಂಕಾಗಿದ್ದು ನನ್ನ ಕಣ್ಣು ಕಣೇ."

ಪಕ್ಕದಲ್ಲಿ ಕೂತಿದ್ದ ನಾದಿನಿ ಹೌದೌದೆಂದು ತಲೆ ಆಡಿಸಿದಳು. ಈ ಪ್ರಯೋಗಾಲಯಕ್ಕೆ ಅವಳನ್ನು ಕರೆತಂದು ಕೆಲಸ ಕಲಿಸಿದವಳು ಅಣ್ಣನ ಹೆಂಡತಿಯಾದ ಈ ಅತ್ತಿಗೆಯೇ.

ಅಲ್ಲಿ ಎರಡು ಯಂತ್ರಗಳನ್ನು ಬೆಸೆದಿದ್ದರು. ಒಂದು, ಕೂದಲೆಳೆಯಂಥ ಗಾಜಿನ ಕೊಳವೆಯಲ್ಲಿ ವಿದ್ಯುತ್ ಹಾಯಿಸಿ ರಕ್ತದ ಮಾದರಿಯಲ್ಲಿರುವುದನ್ನೆಲ್ಲ ಬೇರೆ ಬೇರೆ ಮಾಡುತ್ತಿತ್ತು. ಇನ್ನೊಂದು ಹಾಗೆ ಬೇರೆಯಾದದ್ದನ್ನು ತೂಗುತ್ತಿತ್ತು. ನಡುವೆ ಒಂದು ಸೂಜಿ. ಕೊಳವೆಯ ತುದಿ ಸೂಜಿಯ ಬಾಯಿಂದ ತುಸುವೇ ಇಣುಕಬೇಕು, ಸುತ್ತ ಗಾಳಿ ಬೀಸಬೇಕು, ದ್ರವ ಮಂಜಾಗಿ ಹಾರಬೇಕು. ತುದಿಯನ್ನು ಓರೆಯಾಗಿ ಕತ್ತರಿಸಿದರೆ ಮಂಜು ತೊದಲುತ್ತದೆ. ಒಂದೇ ಮಾದರಿ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ತೋರಿಸಿದಾಗ, ಕತ್ತರಿಸುವವಳು ಅತ್ತಿಗೆಯಾದ್ದರಿಂದ ಬೆರಳೆಲ್ಲ ಅವಳತ್ತ ತಿರುಗಿದವು.

ತಪ್ಪು ಇದ್ದದ್ದು ಗಾಳಿಯಲ್ಲಿ. ಮಾದರಿಯನ್ನು ಕೊಳವೆಗೆ ತುಂಬುವಾಗ ಗಾಳಿ ನಿಂತಿರಬೇಕು. ಇಲ್ಲದಿದ್ದರೆ ತುದಿಯಿಂದ ಹೀರಿ, ಅಳತೆ ಮೀರಿ ಮಾದರಿಯನ್ನು ಒಳಗೆಳೆದುಬಿಡುತ್ತದೆ. ನಿಲ್ಲಿಸಿದರೆ ಮಂಜು ಮತ್ತೆ ನೆಲೆಗೊಳ್ಳುವ ತನಕ ಕಾಯಬೇಕಲ್ಲ ಎಂದು, ಬೇಗ ಮುಗಿಸುವ ಜಾಣತನದಲ್ಲಿ ನಾದಿನಿಯೇ ವಾರದ ಹಿಂದೆ ಕಂಪ್ಯೂಟರಿನಲ್ಲಿ ಗಾಳಿ ನಿಲ್ಲಿಸುವ ಆಜ್ಞೆಯನ್ನು ಅಳಿಸಿದ್ದಳು. ಇವತ್ತು ಬೆಳಿಗ್ಗೆ ಅದು ಹೊಳೆದು, ಸದ್ದಿಲ್ಲದೆ ಸರಿಪಡಿಸಿದಳು. ಕತ್ತರಿಸುವ ಕೆಲಸ ಅವಳ ಪಾಲಿಗೆ ಬಂದದ್ದೂ ಇವತ್ತೇ. ಹೀಗಾಗಿ ಹೊಗಳಿಕೆಯೆಲ್ಲ ಅವಳ ಕೈಗೆ ಸಂದಿತು.

"ಸಾಹೇಬರಿಗೂ ಹೇಳಿಬಂದೆ," ಅತ್ತಿಗೆ ಗಾಜಿನ ಚೂರುಗಳನ್ನು ಡಬ್ಬಿಗೆ ಹಾಕುತ್ತಾ ಅಂದಳು. "ನಾಳೆಯಿಂದ ಈ ಮಷೀನು ನಿಂದು. ನಾನು ಸೀಸೆ ತೊಳೀತೀನಿ. ಮನೇಲಿ ಪಾತ್ರೆ ತೊಳೆಯೋನು ನಿಮ್ಮಣ್ಣ, ಇಲ್ಲಿ ನಾನು. ಒಳ್ಳೇ ಜೋಡಿ."

ನಗುವ ಮಾತೇ. ನಾದಿನಿ ಡಬ್ಬಿಯ ಮುಚ್ಚಳ ಹುಡುಕುವವಳಂತೆ ಮುಖ ತಿರುಗಿಸಿದಳು.

"ಯಾಕೇ, ಕದ್ದು ಸಿಕ್ಕಿಬಿದ್ದೋಳ ಹಾಗೆ ಮುಖ ಮಾಡ್ಕೊಂಡಿದೀಯ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಪಾಡಾಯಿತು ಅವಳದು.

"ಅತ್ತಿಗೆ, ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ಮಾದರಿ ತುಂಬುವಾಗ ಗಾಳಿ ನಿಲ್ಲದ ಹಾಗೆ ಮಾಡಿಟ್ಟಿದ್ದೆ. ನಾನೇ. ಬೆಳಿಗ್ಗೆ ಸರಿ ಮಾಡಿದೆ."

ಅತ್ತಿಗೆಯ ಕೈ ನಿಂತಿತು. "ನಾನು ಸಾಹೇಬರ ಹತ್ತಿರ ಹೋಗೋಕೆ ಮುಂಚೆನೇ ಗೊತ್ತಿತ್ತಾ?"

"ಹೂಂ."

"ತಪ್ಪು ಯಾರು ಮಾಡಲ್ಲ ಹೇಳು. ಆದ್ರೆ ನನಗೆ ಕಣ್ಣು ಹೋಯ್ತು ಅಂತ ನಾನು ಗೋಳಾಡ್ತಿದ್ರೆ, ಪಕ್ಕದಲ್ಲೇ ಕೂತು ಹೌದೌದು ಅಂತ ತಲೆ ಆಡಿಸಿದೆಯಲ್ಲೇ."

"ಸಾಹೇಬರಿಗೆ ಹೇಳ್ತೀನಿ. ನೀವೂ ಬನ್ನಿ ಅತ್ತಿಗೆ."

"ಊಹೂಂ. ಒಬ್ಬಳೇ ಹೋಗು."

ಸಾಹೇಬರು ಫೋನಿನಲ್ಲಿದ್ದರು. ಅವಳನ್ನು ಕಂಡೊಡನೆ ಶಹಬ್ಬಾಸ್ ಎಂಬಂತೆ ಹೆಬ್ಬೆರಳೆತ್ತಿ ನಕ್ಕರು. ನಾದಿನಿ ಒಳಗೆ ಬಂದು ಬಾಗಿಲು ಹಾಕಿಕೊಂಡಳು.