ಕೂತು ಹೇಳುವ ಮಾತು

ಹೋದ ಬೇಸಿಗೆ ರಜೆಯನ್ನು ಹಾಳು ಮಾಡಿಕೊಂಡವಳು ಯಾರು ಎಂದು ನಮ್ಮ ಕಾಲೇಜಿನಲ್ಲಿ ಕೇಳಿ ನೋಡಿ, ಕಾರ್ಲಿಸ್ ಗ್ಯಾಡಿಸ್ ಎಂದು ನನ್ನ ಹೆಸರನ್ನೇ ಹೇಳುತ್ತಾರೆ. ಹೇಳಲಿ, ನನಗೇನು. ಡಾಕ್ಟರಾಗಲು ಹೊರಟವರಿಗೆ ಬೇಸಿಗೆಯೆಂದರೆ ರಜೆಯೇ ಅಲ್ಲ. ಯಾರಾದರೊಬ್ಬ ಡಾಕ್ಟರ ಬೆನ್ನ ಹಿಂದೆ ಬಾಯಿ ಮುಚ್ಚಿಕೊಂಡು ತಿರುಗಬೇಕು. ಕೊನೆಗೆ ಆತ, ಈ ಹುಡುಗಿ ಯೋಗ್ಯಳು ಎಂದು ಪತ್ರ ಬರೆದುಕೊಡಬೇಕು. ಆ ಪತ್ರ ಕೈಗೆ ಬರದಿದ್ದರೆ ಎಷ್ಟು ಅಂಕ ತೆಗೆದರೂ ಮೆಡಿಕಲ್ ಕಾಲೇಜಿನವರು ಮೂಸಿಯೂ ನೋಡುವುದಿಲ್ಲ.

ನನ್ನನ್ನು ನಮ್ಮೂರಿನ ಆಸ್ಪತ್ರೆಯ ಸರ್ಜನ್ ಹೋಲ್ಕಂ ಅವರ ಹಿಂದೆ ಹಚ್ಚಿದವರು ಕಾಲೇಜಿನ ಸಲಹೆಗಾರ್ತಿ ಮಿಸ್ ಪ್ರೆಂಟಿಸ್. ಸಂಜೆ ಏನು ಮಾಡುತ್ತೀ ಎಂದು ಕೇಳಿದರು. ಅಜ್ಜಿಯ ಫ್ಯೂನರಲ್ ಹೋಮಿನಲ್ಲಿ ಕೆಲಸ ಎಂದೆ. ಜಾರ್ಜಿಯಾದ ಈ ಮೂಲೆಯಲ್ಲಿ ನಮ್ಮ ಕಪ್ಪು ಜನರಲ್ಲಿ ಯಾರು ತೀರಿಕೊಂಡರೂ ಬರುವುದು ನನ್ನ ಅಜ್ಜಿ ಅರ್ಲೀನ್ ಬಳಿಗೇ. ಮೈ ತೊಳೆದು, ತಲೆ ಬಾಚಿ, ಭಾನುವಾರದ ಬಟ್ಟೆ ತೊಡಿಸಿ ಚರ್ಚಿಗೆ ಕಳಿಸಿಕೊಡುವುದು ನಮ್ಮ ಮನೆತನದ ಕಸುಬು.

"ಅದನ್ನ ಎಲ್ಲೂ ಬಾಯಿ ಬಿಡ್ಬೇಡಮ್ಮ," ಎಂದರು ಪ್ರೆಂಟಿಸ್. "ಜೀವ ಉಳಿಸೋಕೆ ಹೊರಟವಳು ಸಂಜೆಯಾದ್ರೆ ಹೆಣ ಸಿಂಗರಿಸ್ತಾಳೆ ಅಂದ್ರೆ ನೋಡ್ದೋರು ಏನಂದ್ಕೋತಾರೆ?"

ನನ್ನ ಮೈಯೆಲ್ಲ ಉರಿದುಹೋಯಿತು. ಆದರೂ ಪತ್ರ ಬೇಕಿತ್ತಲ್ಲ, ಆಗಲಿ ಮೇಡಂ ಎಂದೆ.

ಅಜ್ಜಿಯ ಮನೆಯಲ್ಲಿ ಒಂದು ಪದ್ಧತಿಯಿದೆ. ಸತ್ತವರ ವಿಷಯವನ್ನು ನಿಂತುಕೊಂಡು ಮಾತಾಡಕೂಡದು. ಬಂದವರ ಎದುರು ಕುರ್ಚಿ ಎಳೆದುಕೊಂಡು ಕೂರಬೇಕು, ತೀರಿಕೊಂಡವರ ಪೂರ್ತಿ ಹೆಸರು ಹೇಳಬೇಕು, ಆಮೇಲೆ ಉಳಿದದ್ದು. ಬುದ್ಧಿ ಬಂದಾಗಿನಿಂದ ನಾನು ಹಾಗೆ ಕೂತು ಮಾತಾಡಿದವಳೇ.

ಒಂದು ದಿನ ವಿಲ್ಲಾ ಡ್ರೇಟನ್ ಎಂಬಾಕೆ ಆಪರೇಷನ್ ಮೇಜಿನ ಮೇಲೆಯೇ ತೀರಿಕೊಂಡರು. ಹೋಲ್ಕಂ ಹೊರಗೆ ಬಂದರು, ನಾನು ಅವರ ಹಿಂದೆ. ಕಾರಿಡಾರಿನಲ್ಲಿ ಇನ್ನೊಬ್ಬ ಡಾಕ್ಟರು ಸಿಕ್ಕರು. ಶನಿವಾರ ಕೆರೆಯಲ್ಲಿ ಮೀನು ಹಿಡಿದ ಕಥೆ ಶುರುವಾಯಿತು. ಎಷ್ಟು ಹೊತ್ತಾದರೂ ಮೀನು ಗಾಳಕ್ಕೆ ಬೀಳಲೊಲ್ಲದು. ಪಕ್ಕದ ಕೋಣೆಯಲ್ಲಿ ಒಬ್ಬ ಮುದುಕ ಮಡಿಲಲ್ಲಿ ಹೆಂಗಸರ ಕೈಚೀಲ ಇಟ್ಟುಕೊಂಡು ಅಲುಗಾಡದೆ ಕೂತಿದ್ದ. ಆಕೆಯ ಗಂಡ, ಲಾರಿ ಓಡಿಸುತ್ತಿದ್ದ ಲೀಮನ್ ಡ್ರೇಟನ್. ಹಾಗೆ ಕೂತವರನ್ನು ನಾನು ಹುಟ್ಟಿದಾರಭ್ಯ ನೋಡಿದ್ದೇನೆ. ನಮ್ಮಲ್ಲಿಗೆ ಬರುವವರೆಲ್ಲ ಹಾಗೆಯೇ ಕೂರುತ್ತಾರೆ. ಯಾರೋ ನರ್ಸ್ ಹೇಳಿರಬೇಕು ಎಂದುಕೊಂಡೆ.

ಒಳಗೆ ಹೋದೆ. ಕುರ್ಚಿ ಎಳೆದುಕೊಂಡು ಕೂತೆ.

"ಮಿಸೆಸ್ ವಿಲ್ಲಾ ಡ್ರೇಟನ್ ತೀರಿಕೊಂಡಿದ್ದಕ್ಕೆ ತುಂಬ ಸಂಕಟ ಆಗ್ತಿದೆ ಸಾರ್," ಎಂದೆ.

ಆತ ನನ್ನ ಮುಖವನ್ನೇ ನೋಡಿದ. "ಯಾರು? ನಮ್ಮ ವಿಲ್ಲಾನಾ?"

ಅಯ್ಯೋ ದೇವರೇ, ಆತನಿಗೆ ಯಾರೂ ಹೇಳಿರಲೇ ಇಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎದ್ದು ಓಡಿಹೋಗಲು ಕಾಲು ತುಡಿಯುತ್ತಿತ್ತು. ಓಡಲಿಲ್ಲ. ಕೈ ಹಿಡಿದುಕೊಂಡೆ. ಆತ ನನ್ನ ಬೆರಳು ಮುರಿಯುವಷ್ಟು ಬಿಗಿಯಾಗಿ ಹಿಡಿದು ಅತ್ತ.

ಆಮೇಲೆ ಹೋಲ್ಕಂ ಬಂದರು. ಬಾಗಿಲ ಹಿಡಿಯ ಮೇಲಿನ ಕೈ ತೆಗೆಯದೆಯೇ "ನಮ್ಮ ಕೈಲಾದ್ದೆಲ್ಲ ಮಾಡಿದ್ವಿ" ಎಂದರು. ನನ್ನನ್ನು ಹೊರಗೆ ಕರೆದು ಅಲ್ಲೇ ನೀರಿಳಿಸಿದರು. ನಾಳೆಯಿಂದ ಬರಬೇಡ ಎಂದರು.

ಸುದ್ದಿ ಕೇಳಿ ಪ್ರೆಂಟಿಸ್ ತಲೆ ಚಚ್ಚಿಕೊಂಡರು. "ಡಾಕ್ಟರ ಹತ್ರ ಹೋಗಿ ತಪ್ಪಾಯ್ತು ಅನ್ನು. ಪತ್ರ ಕೊಡಿಸೋ ಜವಾಬ್ದಾರಿ ನಂದು. ಒಂದು ಮಾತಂದ್ರೆ ನಿನ್ನ ಗಂಟೇನು ಹೋಗತ್ತೆ?"

ಅಜ್ಜಿಯೂ ಬೈದಳು, ಆದರೆ ಬೇರೆ ಕಾರಣಕ್ಕೆ. "ಅವನಿಗೆ ಗೊತ್ತಾ ಇಲ್ವಾ ಅಂತ ಮೊದ್ಲು ಕೇಳ್ಬಾರ್ದೇನೇ, ಕತ್ತೆ? ಕೂರೋದು ಕಲಿಸ್ದೆ, ಕೇಳೋದು ಕಲಿಸ್ಲಿಲ್ಲ ನಾನು. ಆ ಮನುಷ್ಯ ನಾಳೆ ಇಲ್ಲಿಗೇ ಬರ್ತಾನೆ. ತಪ್ಪಾಯ್ತು ಅನ್ನೋದಿದ್ರೆ ಅವನಿಗೆ ಅನ್ನು."

ಡ್ರೇಟನ್ ಬಂದ. ಹೆಂಡತಿಗೆ ತೊಡಿಸಲು ನೇರಳೆ ಬಣ್ಣದ ಉಡುಪು, ಟೋಪಿ ತಂದಿದ್ದ. ನಾನು ಎದುರಿಗೆ ಕೂತು, "ನಿಮ್ಗೆ ಗೊತ್ತಿದೆ ಅಂದ್ಕೊಂಡೆ ಸಾರ್. ನಂದು ತಪ್ಪು. ಕ್ಷಮಿಸ್ಬೇಕು," ಎಂದೆ.

ಆತ ಟೋಪಿಯ ಅಂಚು ಸವರುತ್ತ ಕೂತ. "ಅವ್ಳು ಎದ್ದ ತಕ್ಷಣ ಕಾಫಿ ಕೇಳ್ತಾಳೆ," ಎಂದ. "ಈಗ್ಲೇ ತಂದ್ರೆ ಆರಿಹೋಗತ್ತೋ ಏನೋ ಅಂತ ಯೋಚ್ನೆ ಮಾಡ್ತಾ ಕೂತಿದ್ದೆ ಕಣಮ್ಮ. ಹೊರಗಡೆ ಅವ್ರು ನಗೋದು ಕೇಳಿಸ್ತಿತ್ತು. ಡಾಕ್ಟರು ನಗ್ತಿದ್ದಾರೆ, ಎಲ್ಲ ಸರಿಹೋಗಿದೆ ಅಂದ್ಕೊಂಡೆ."

ಅಜ್ಜಿ ಮುಖ ಆಚೆ ತಿರುಗಿಸಿದಳು. ನನಗೆ ಅಳು ಬರಲಿಲ್ಲ. ಬಂದದ್ದು ಸಿಟ್ಟು.

ಮರುದಿನ ಆಸ್ಪತ್ರೆಗೆ ಹೋದೆ. ಹೋಲ್ಕಂ ತಮ್ಮ ಕೋಣೆಯ ಬಾಗಿಲಲ್ಲೇ ನಿಂತು, "ಬೇಗ ಹೇಳು, ಕೆಲ್ಸ ಇದೆ," ಎಂದರು. ನಾನು ಒಳಗೆ ಹೋಗಿ ಕುರ್ಚಿ ಎಳೆದುಕೊಂಡು ಕೂತೆ.

"ನೀವೂ ಕೂತ್ಕೊಳ್ಳಿ ಡಾಕ್ಟ್ರೇ. ಇದು ಕೂತು ಹೇಳೋ ಮಾತು."

ಕೂರಲಿಲ್ಲ. ಬಾಗಿಲ ಹಿಡಿಯನ್ನೂ ಬಿಡಲಿಲ್ಲ.

"ನಾನು ತಪ್ಪು ಮಾಡಿದ್ದು ಮಿಸ್ಟರ್ ಡ್ರೇಟನ್‌ಗೆ. ಅವ್ರ ಹತ್ರ ಕ್ಷಮೆ ಕೇಳಿ ಆಯ್ತು. ನೀವಿನ್ನೂ ಕೇಳಿಲ್ಲ," ಎಂದೆ. "ನೀವು ಮೀನಿನ ಕಥೆ ಹೇಳ್ಕೊಂಡು ನಗ್ತಿದ್ರಲ್ಲ, ಆ ನಗು ಕೇಳಿ ಆ ಮನುಷ್ಯ ಹೆಂಡ್ತಿ ಬದುಕಿದ್ದಾಳೆ ಅಂದ್ಕೊಂಡಿದ್ದ. ಕಾಫಿ ತರೋಣ ಅಂತ ಕಾಯ್ತಿದ್ದ."

ಅವರ ಮುಖ ಕೆಂಪಾಯಿತು. "ಪತ್ರದ ಆಸೆ ಬಿಡು," ಎಂದರು.

"ಬಿಟ್ಟೇ ಬಂದಿದ್ದೀನಿ," ಎಂದು ಎದ್ದು ಬಂದೆ.

ವಿಲ್ಲಾ ಡ್ರೇಟನ್ ಅವರ ತಲೆಯನ್ನು ನಾನೇ ಬಾಚಿದೆ, ಟೋಪಿಯನ್ನು ಗಂಡ ಹೇಳಿಕೊಟ್ಟಂತೆ, ಆಕೆ ಇಡುತ್ತಿದ್ದ ಹಾಗೆ ಸ್ವಲ್ಪ ಓರೆಯಾಗಿ ಇಟ್ಟೆ. ರಜೆ ಮುಗಿಯುವವರೆಗೂ ಬೆಳಿಗ್ಗೆ ಸಂಜೆ ಅಜ್ಜಿಯ ಜೊತೆಗೇ ಇದ್ದೆ. ಮೆಡಿಕಲ್ ಕಾಲೇಜಿನ ಅರ್ಜಿಯಲ್ಲಿ, ಬೇಸಿಗೆಯನ್ನು ಹೇಗೆ ಕಳೆದೆ ಎಂಬಲ್ಲಿ ಫ್ಯೂನರಲ್ ಹೋಮಿನ ಹೆಸರು ಬರೆದೆ. ಪ್ರೆಂಟಿಸ್ ಅದನ್ನು ಹೊಡೆದುಹಾಕಿದರು. ಮತ್ತೆ ಬರೆದೆ, ಈ ಸಲ ಎಲ್ಲಕ್ಕಿಂತ ಮೇಲೆ.

ಪತ್ರದ ಜಾಗ ಮಾತ್ರ ಖಾಲಿ ಉಳಿಯಿತು. ಅಜ್ಜಿಯಿಂದ ವಿಷಯ ತಿಳಿದ ಡ್ರೇಟನ್ ಒಂದು ಸಂಜೆ ಬಂದು ಎದುರಿನ ಕುರ್ಚಿಯಲ್ಲಿ ಕೂತ.

"ನಾನು ಬರ್ಕೊಡ್ತೀನಿ," ಎಂದ.

"ಲಾರಿ ಓಡಿಸ್ದೋರ ಪತ್ರ ಅವ್ರು ಓದಲ್ಲ ಸಾರ್."

"ಓದ್ದೇ ಎಲ್ಲಿಗೆ ಹೋಗ್ತಾರೆ? ಒಳಗೆ ಬಂದು ನನ್ನ ಪಕ್ಕ ಕೂತೋಳು ನೀನೊಬ್ಳೇ. ಅಷ್ಟು ಬರೀತೀನಿ. ಕಳಿಸು ನೋಡೋಣ."

ಕಳಿಸಿದ್ದೇನೆ.